ಹದಿನಾರನೆಯ ದಿನದ ನೀರು

ಕಲಾಶಾಲೆ
4 ಜೂನ್ 1968

ಓಪ್ಪೋಳೇ,

ಮನೆ ಬಿಟ್ಟು ನಲವತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಅಕ್ಕನಾದವಳಿಗೆ ಅಷ್ಟು ಅಧಿಕಾರ ಕೊಟ್ಟಿದ್ದೇನೆ.

ನಾನು ಹೊರಟ ದಿನ ಮಾವ ಗೋಡೆಗೆ ಮುಖ ಮಾಡಿ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೂಡಿಯಾಟ್ಟವೆಂಬ ಈ ಸಂಸ್ಕೃತ ನಾಟಕದ ವಿದ್ಯೆ ನಮ್ಮ ಚಾಕ್ಯಾರ ಕುಲದವರ ಸೊತ್ತು, ದೇವಸ್ಥಾನದ ನಾಟ್ಯಶಾಲೆಯಾದ ಕೂತ್ತಂಬಲದಲ್ಲೇ ಆಡಬೇಕು, ಸೋದರಮಾವ ಅಳಿಯನಿಗೆ ಮಾತ್ರ ಕಲಿಸಬೇಕು ಎಂಬುದು ಅವರ ಹಟ. ಇರಲಿ. ಹೋದ ವರ್ಷ ಅವರು ಅದೇ ಕೂತ್ತಂಬಲದಲ್ಲಿ ಆಡುವಾಗ ನೋಡುವವರು ಐದೇ ಜನ ಇದ್ದರು, ಅದರಲ್ಲೊಬ್ಬರು ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದರು. ಅಂಥ ವಿದ್ಯೆಯನ್ನು ದೇವರೊಬ್ಬನೇ ನೋಡಿದರೆ ಸಾಕೆ?

ಇಲ್ಲಿ ಏಳು ಜನ ಕಲಿಯುತ್ತಾರೆ, ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ. ಅವರಲ್ಲಿ ವೇಲಾಯುಧನ್ ಎಂಬವನಿದ್ದಾನೆ. ಇಪ್ಪತ್ತಮೂರು ವಯಸ್ಸು. ಅಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವನು, ಇವನೂ ಆರು ವರ್ಷ ಹತ್ತಿದ್ದಾನೆ. ಅಂಗಾಲು ಮರದ ತೊಗಟೆಯ ಹಾಗಿದೆ. ಆದರೆ ಕಣ್ಣು! ಬೆಳಗಿನ ಜಾವ ಕಣ್ಣಿಗೆ ತುಪ್ಪ ಬಿಟ್ಟು ಅಭ್ಯಾಸಕ್ಕೆ ಕೂರಿಸಿದರೆ, ನಾನು ಎರಡು ವರ್ಷ ತಿಣುಕಿ ಕಲಿತದ್ದನ್ನು ಅವನು ಎರಡು ತಿಂಗಳಲ್ಲಿ ಹಿಡಿಯುತ್ತಾನೆ ಎಂದು ತೋರುತ್ತದೆ.

ಅವನಿಗೆ 'ಬತ್ತುವ ಕೆರೆ' ಕಲಿಸಬೇಕೆಂದಿದ್ದೇನೆ. ಕಾಡಿಗೆ ಹೋದ ಅರಸ ಒಂದು ಕೆರೆ ಹದಿನಾರು ದಿನಗಳಲ್ಲಿ ಬತ್ತುವುದನ್ನು ಪೀಠದ ಮೇಲೆ ಕೂತು ಬರೀ ಕಣ್ಣಿನಲ್ಲಿ ತೋರಿಸುವುದು, ದಿನಕ್ಕೊಂದು ಶ್ಲೋಕ. ನಮ್ಮ ಮನೆತನದ ಮಠ ಬಿಟ್ಟರೆ ಬೇರೆಲ್ಲೂ ಇಲ್ಲದ ಭಾಗ ಅದು. ನನಗೆ ನಾಲ್ಕು ಶ್ಲೋಕದವರೆಗೆ ಬರುತ್ತದೆ. ಉಳಿದ ಹನ್ನೆರಡು ಮಾವನಲ್ಲಿ ಮಾತ್ರ ಇವೆ, ಅವರಿಗೆ ಎಪ್ಪತ್ತಾರು. ತಾಳೆಯೋಲೆಗಳನ್ನು ನೋಡಿ ನಕಲು ಮಾಡಿ ಕಳಿಸುತ್ತೀಯಾ?

ನಿನ್ನ
ತ್ರಿವಿಕ್ರಮನ್

*

ಚೆರುಮುಕ್ಕಿಲ್ ಮಠ
21 ಜೂನ್ 1968

ಉಣ್ಣೀ,

ಬೈದು ಮುಗಿಸಿದೆ. ಅರ್ಧ ದಿನ ಹಿಡಿಯಿತು.

ಓಲೆಯ ಪೆಟ್ಟಿಗೆಯ ಕೀಲಿಕೈ ಮಾವನ ಜನಿವಾರದಲ್ಲಿದೆ. ಅವರು ಸ್ನಾನಕ್ಕಿಳಿದರೂ ಅದು ಅವರ ಜೊತೆಗೇ ಇಳಿಯುತ್ತದೆ. ಕೆರೆಯ ಭಾಗದ ವಿಷಯವನ್ನು ಯಾರದೋ ಮಾತೆಂಬಂತೆ ಎತ್ತಿ ನೋಡಿದೆ. ಅವರೇನು ದಡ್ಡರೆ? ಚಿಕ್ಕಮ್ಮನ ಮಗ ಪದ್ಮನಾಭನ್ ನಿಮ್ಮ ಕಲಾಶಾಲೆಯ ಕಡೆ ಹೋಗಿ ಬಂದು ನಿನ್ನ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಕಿವಿಗೆ ಹಾಕಿದ್ದಾನೆ. ಮಾವ ಗಂಜಿಯ ಬಟ್ಟಲಿನಿಂದ ತಲೆ ಎತ್ತದೆಯೇ, "ಮರ ಹತ್ತೋನಿಗೆ ಕೆರೆ ಯಾಕೆ ಬೇಕಂತೆ?" ಎಂದರು.

ನೀನಿಲ್ಲದ ಮೇಲೆ ದೇವಸ್ಥಾನದ ಸರದಿಯನ್ನು ಪದ್ಮನಾಭನೇ ಆಡುತ್ತಿದ್ದಾನೆ. ಅವನು ಆಡುವುದನ್ನು ನೋಡಿ ಬಂದ ಮಾವ ಅವತ್ತು ಊಟ ಬಿಟ್ಟರು. ಇದನ್ನು ನಿನಗೆ ಖುಷಿಯಾಗಲಿ ಎಂದು ಬರೆಯಲಿಲ್ಲ.

ಮಾವ ನಿನ್ನ ಆರೋಗ್ಯ ವಿಚಾರಿಸಿದರು.

ಸುಭದ್ರ

*

ಕಲಾಶಾಲೆ
2 ಆಗಸ್ಟ್ 1968

ಓಪ್ಪೋಳೇ,

ಮಾವ ವಿಚಾರಿಸಿದರು ಎಂಬ ಒಂದು ಸಾಲನ್ನು ಹತ್ತು ಸಲ ಓದಿದೆ. ಹಾಗಾದರೆ ಪೂರ್ತಿ ಬಾಗಿಲು ಮುಚ್ಚಿಲ್ಲ.

ನಿನ್ನೆ ವೇಷ ಕಟ್ಟುವ ಕ್ರಮ ಹೇಳಿಕೊಡುತ್ತಿದ್ದೆ. ಮೊದಲು ತಲೆಗೆ ಕೆಂಪು ಬಟ್ಟೆ ಕಟ್ಟುತ್ತೇವಲ್ಲ, ಅದನ್ನು ಕಟ್ಟಿದ ಮೇಲೆ ಮನೆಯಲ್ಲಿ ಹುಟ್ಟಾಗಲಿ ಸಾವಾಗಲಿ ಸೂತಕ ತಾಗದು, ಆಟ ಮುಗಿದು ಬಿಚ್ಚಿದ ಮೇಲೆಯೇ ಸೂತಕ ಶುರು. ಕಟ್ಟುವ ಮೊದಲೇ ಸುದ್ದಿ ಬಂದರೆ ಮಾತ್ರ ರಂಗ ಹತ್ತುವಂತಿಲ್ಲ, ಕೆಂಪು ಕಟ್ಟಿದವನಿಗಂತೂ ಬಿಚ್ಚುವವರೆಗೆ ಯಾರೂ ಸುದ್ದಿ ಹೇಳುವುದಿಲ್ಲ ಎಂದೆಲ್ಲ ಮಾವ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದೆ. ಎಲ್ಲರೂ ತಲೆದೂಗಿದರು. ವೇಲಾಯುಧನ್ ಮಾತ್ರ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, ಗುರುವಾದ ನನ್ನನ್ನೇ ಕೇಳಿದ:

"ಆಶಾನೇ, ನಿಮ್ಮ ಸೂತಕ ಹನ್ನೆರಡು ದಿನದ್ದು. ನಮ್ಮದು ಹುಟ್ಟಿದಾಗಿಂದ ಇರೋದು. ಇದನ್ನ ಕಟ್ಟಿದ್ರೆ ಅದೂ ತಾಗಲ್ವಾ?"

ತಾಗುವುದಿಲ್ಲ ಎಂದೆ. "ಬಿಚ್ಚಿದ ಮೇಲೆ?" ಎಂದ. ಓಪ್ಪೋಳೇ, ನನಗೆ ನಾಚಿಕೆಯಾಯಿತು.

ನಾನು ಏಳು ವರ್ಷದವನಿದ್ದಾಗಿನಿಂದ ಮಾವ ಕಳರಿಯ ಅಭ್ಯಾಸದ ಕೋಣೆಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ನೀನು ಗೋಡೆಯಾಚೆ ಅಡುಗೆಮನೆಯಲ್ಲಿ ಕೂತು ಕೇಳಿದ್ದೀಯ. ನಾನು ಮರೆತಾಗ ಕಿಟಕಿಯಿಂದ ಪಿಸುಗುಟ್ಟಿ ನೆನಪಿಸಿದವಳು ನೀನು. ಏನಾದರೂ ಮಾಡು.

ತ್ರಿವಿಕ್ರಮನ್

*

ಚೆರುಮುಕ್ಕಿಲ್ ಮಠ
10 ಸೆಪ್ಟೆಂಬರ್ 1968

ಉಣ್ಣೀ,

ಇದರೊಂದಿಗೆ ಐದು, ಆರು, ಏಳನೆಯ ಶ್ಲೋಕಗಳೂ ಅವುಗಳನ್ನು ಆಡುವ ಕ್ರಮವೂ ಇವೆ. ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿದ್ದೇನೆ, ಅಕ್ಷರ ನೋಡಿ ನಗಬೇಡ. ನನಗೆ ಸಿಕ್ಕಿದ್ದು ಹೇಗೆಂದು ಕೇಳು.

ಮಾವನಿಗೆ ಸ್ವಲ್ಪ ಅರಳು ಮರಳು ಶುರುವಾದಂತಿದೆ. ಬೆಳಿಗ್ಗೆ ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ಕೆರೆಯ ಭಾಗವನ್ನು ಹೇಳಿಕೊಳ್ಳುತ್ತಾರೆ. ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಾರೆ. ಶ್ಲೋಕ ಮಾತ್ರವಲ್ಲ, ಎಡಗಣ್ಣಿನ ಕೊನೆಯಿಂದ ನೀರಿನ ಅಂಚು ಹಿಡಿ, ರೆಪ್ಪೆ ಬಡಿಯಬೇಡ, ಮೀನು ತಿರುಗುವಾಗ ಕತ್ತು ತಿರುಗದಿರಲಿ, ಎಂದು ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ. ನಾನು ಗೋಡೆಯ ಈಚೆ ತೆಂಗಿನಕಾಯಿ ತುರಿಯುತ್ತಾ ಬರೆದುಕೊಳ್ಳುತ್ತೇನೆ. ತುರಿದದ್ದಕ್ಕಿಂತ ಬರೆದದ್ದು ಜಾಸ್ತಿಯಾಗಿ ಮೊನ್ನೆ ಪಲ್ಯ ನೀರಾಯಿತು. ಮಾವ ಏನೂ ಅನ್ನದೆ ಉಂಡೆದ್ದರು.

ಮುದುಕನ ಮನೆಯಲ್ಲಿ ಕಳ್ಳತನ ಮಾಡುತ್ತಿದ್ದೇನೆ ಎಂಬ ಸಂಕಟ ನನಗೆ ಇದ್ದೇ ಇದೆ. ನಿನ್ನ ಆ ಹುಡುಗ ಚೆನ್ನಾಗಿ ಕಲಿಯಲಿ.

ಸುಭದ್ರ

*

ಕಲಾಶಾಲೆ
18 ನವೆಂಬರ್ 1968

ಓಪ್ಪೋಳೇ,

ಹನ್ನೆರಡರವರೆಗೆ ತಲುಪಿತು. ನನಗೆ ಒಂದು ವಿಷಯ ಅರ್ಥವಾಗುವುದಿಲ್ಲ. ನಮಗೆ ಕಲಿಸುವಾಗ ಮಾವ ಇಷ್ಟು ಬಿಡಿಸಿ ಹೇಳಿದವರೇ ಅಲ್ಲ. ಒಂದು ಸಲ ತೋರಿಸುವುದು, ತಪ್ಪಿದರೆ ಬೆತ್ತ. ಇಲ್ಲಿ ನೋಡಿದರೆ ಕಣ್ಣು ಕಾಣದವನಿಗೂ ಅರ್ಥವಾಗುವಂತಿದೆ. ವಯಸ್ಸಾದರೆ ಮನುಷ್ಯ ಹೀಗೆ ಮೆತ್ತಗಾಗುತ್ತಾನೇನೋ.

ಫೆಬ್ರವರಿ ಹದಿನಾರಕ್ಕೆ, ಭಾನುವಾರ ಸಂಜೆ ಆರಕ್ಕೆ, ವೇಲಾಯುಧನ್‌ನ ಊರಾದ ಮಣ್ಣಾಂಪಾರದ ವಾಚನಾಲಯದ ಬಯಲಿನಲ್ಲಿ ಆಟ. ಕೂತ್ತಂಬಲದಲ್ಲಿ ಹನ್ನೊಂದು ದಿನ ಆಡುವುದನ್ನು ಎರಡೂವರೆ ಗಂಟೆಗೆ ಇಳಿಸಿದ್ದೇನೆ. ಮೊದಲು ಅರ್ಧ ಗಂಟೆ ಕೈಮುದ್ರೆಗಳ ಅರ್ಥವನ್ನು ಜನರಿಗೆ ಹೇಳಿಕೊಡುತ್ತೇನೆ. ಮೊದಲ ಪ್ರವೇಶ ನನ್ನದು, ಆಮೇಲೆ ಅವನು. ನಾನಿಲ್ಲದೆ ಆಟವಿಲ್ಲ, ಬೇರೆ ನಟರಿಲ್ಲ. ಬೀಡಿ ಕಟ್ಟುವವರು, ಹಗ್ಗ ಹೊಸೆಯುವ ಹೆಂಗಸರು, ಚಹಾ ಅಂಗಡಿಯ ಮೊಯ್ದು, ಎಲ್ಲರೂ ಈಗಿನಿಂದಲೇ ನನ್ನನ್ನು ಕಂಡಲ್ಲಿ ಕೇಳುತ್ತಾರೆ.

ಉಳಿದ ನಾಲ್ಕು ಬೇಗ ಕಳಿಸು. ಮುಖ್ಯವಾಗಿ ಹದಿನಾರನೆಯದು. ಅದಿಲ್ಲದಿದ್ದರೆ ಹದಿನೈದು ಕಲಿತೂ ವ್ಯರ್ಥ.

ತ್ರಿವಿಕ್ರಮನ್

*

ಚೆರುಮುಕ್ಕಿಲ್ ಮಠ
5 ಜನವರಿ 1969

ಉಣ್ಣೀ,

ಹದಿಮೂರು, ಹದಿನಾಲ್ಕು, ಹದಿನೈದು ಇಟ್ಟಿದ್ದೇನೆ. ಹದಿನಾರನೆಯದನ್ನು ಮಾವ ಇನ್ನೂ ಹೇಳಿಲ್ಲ. ಹದಿನೈದು ಮುಗಿಸಿ ಸುಮ್ಮನಾಗುತ್ತಾರೆ, ಮಾರನೇ ದಿನ ಮತ್ತೆ ಒಂದರಿಂದ ಶುರು ಮಾಡುತ್ತಾರೆ.

ಪದ್ಮನಾಭನಿಗೆ ಆಟದ ಸುದ್ದಿ ಮುಟ್ಟಿದೆ. ಕಳ್ಳಿನವರ ಬಯಲಿನಲ್ಲಿ ಚಾಕ್ಯಾರ ಕೆಂಪು ಕಟ್ಟಿದರೆ ದೇವರೇ ಅದನ್ನು ತಡೆಯುತ್ತಾನೆ, ನೋಡ್ತಾ ಇರಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಮಾವನಿಗೆ ಸ್ವಲ್ಪ ಕೆಮ್ಮು. ಚಳಿಯದು, ಹೋಗುತ್ತದೆ. ನೀನು ಬರುವುದು ಬೇಡ, ನಿನ್ನನ್ನು ಕಂಡರೆ ಇದ್ದ ಮಾತೂ ನಿಲ್ಲುತ್ತದೆ.

ಸುಭದ್ರ

*

ಕಲಾಶಾಲೆ
8 ಫೆಬ್ರವರಿ 1969

ಓಪ್ಪೋಳೇ,

ಆಟದ ಕರಪತ್ರ ಇಟ್ಟಿದ್ದೇನೆ. ಮಾವನಿಗೆ ಓದಿ ಹೇಳುವ ಧೈರ್ಯ ನಿನಗಿದ್ದರೆ ಓದು. ಬರಲಿ ಎಂದು ಕೇಳುವಷ್ಟು ಹುಚ್ಚು ನನಗಿಲ್ಲ, ಆದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಡಿಸಿದ್ದೇನೆ.

ಹದಿನಾರನೆಯದು ಬಂತೇ? ಒಂದೇ ಒಂದು ಸಾಲು ಬರೆದು ಹಾಕು.

ತ್ರಿವಿಕ್ರಮನ್

*

ತಂತಿ
16 ಫೆಬ್ರವರಿ 1969, ಸಂಜೆ 5.10

ಮಾವ ತೀರಿಕೊಂಡರು. ಸಂಸ್ಕಾರ ಮುಗಿಯಿತು. ಸುಭದ್ರ.

*

ಕಲಾಶಾಲೆ
21 ಫೆಬ್ರವರಿ 1969

ಸುಭದ್ರ ಓಪ್ಪೋಳಿಗೆ,

ತಂತಿ ಮಣ್ಣಾಂಪಾರಕ್ಕೆ ಬಂದಾಗ ಆರೂಮುಕ್ಕಾಲು. ನಾನು ರಂಗದ ಮೇಲಿದ್ದೆ. ವಾಚನಾಲಯದವರು ಅದನ್ನು ಮಿಳಾವು ಬಾರಿಸುವ ನಂಬಿಯಾರರ ಕೈಗೆ ಕೊಟ್ಟರಂತೆ. ಅವರು ಓದಿ, ತೊಡೆಯಡಿ ಇಟ್ಟುಕೊಂಡು, ಎರಡು ಗಂಟೆ ಏನೂ ಆಗದವರಂತೆ ಬಾರಿಸಿದರು. ನಾನು ಕೆಂಪು ಬಟ್ಟೆ ಬಿಚ್ಚಿದ ಮೇಲೆ ಕೊಟ್ಟರು. ಇನ್ನೂರೈವತ್ತು ಜನ ಎದ್ದು ನಿಂತಿದ್ದರು, ನಾನು ನಗುತ್ತಿದ್ದೆ. ನಗುತ್ತಲೇ ಓದಿದೆ.

ಆಮೇಲೆ ಊರಿನಿಂದ ಬಂದವರು ಹೇಳಿದರು, ಮಾವ ಹೋದದ್ದು ಬೆಳಿಗ್ಗೆ ಹತ್ತೂವರೆಗೆ ಎಂದು. ಹತ್ತೂವರೆಗೆ ಹೋದವರ ತಂತಿ ಐದು ಗಂಟೆ ಹತ್ತು ನಿಮಿಷಕ್ಕೆ! ಅಂಚೆ ಕಚೇರಿ ನಮ್ಮ ಪಡಸಾಲೆಯಿಂದ ಕಾಣುತ್ತದೆ. ಹನ್ನೊಂದಕ್ಕೆ ಕೊಟ್ಟಿದ್ದರೆ ನಾನು ನಾಲ್ಕಕ್ಕೆ ಅಲ್ಲಿರುತ್ತಿದ್ದೆ. ಮಾವನಿಗೆ ಮಕ್ಕಳಿಲ್ಲ, ಹಿರಿಯ ಅಳಿಯ ನಾನು. ಬೆಂಕಿ ಇಟ್ಟವನು ಪದ್ಮನಾಭನ್. ಕುಲಗೆಟ್ಟವನು ಚಿತೆ ಮುಟ್ಟಬಾರದು ಎಂದು ನೀವೆಲ್ಲ ಸೇರಿ ತೀರ್ಮಾನಿಸಿದಿರೇನು? ಬೇರೆಯವರ ಮಾತು ಬಿಡು, ನೀನು ಅದಕ್ಕೆ ಕೈ ಜೋಡಿಸುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇಲ್ಲೇ ಒಬ್ಬನೇ ಸೂತಕ ಹಿಡಿದಿದ್ದೇನೆ. ವೇಲಾಯುಧನ್ ಬಂದು ತಾನೂ ಹಿಡಿಯುತ್ತೇನೆ ಎಂದ. "ನೀನು ಕುಲದವನಲ್ಲ, ನಿನಗೆ ಹಕ್ಕಿಲ್ಲ" ಎಂದುಬಿಟ್ಟೆ. ನನ್ನ ಬಾಯಿಂದಲೇ ಬಂತು ಆ ಮಾತು. ಅವನು ಜಗಲಿಯ ಹೊರಗೆ ಕೂತು ದಿನಕ್ಕೊಂದು ಹೊತ್ತು ಗಂಜಿ ಕುಡಿಯುತ್ತಿದ್ದಾನೆ.

ನನಗೆ ಬರೆಯಬೇಡ.

ತ್ರಿವಿಕ್ರಮನ್

*

ಚೆರುಮುಕ್ಕಿಲ್ ಮಠ
8 ಮಾರ್ಚ್ 1969

ಉಣ್ಣೀ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ, ಹರಿದು ಹಾಕುವುದಾದರೆ ಓದಿ ಹರಿ.

ತಂತಿ ತಡ ಮಾಡಿದವಳು ನಾನೊಬ್ಬಳೇ. ಪದ್ಮನಾಭನ್ ಹನ್ನೊಂದಕ್ಕೇ ಅಂಚೆ ಕಚೇರಿಗೆ ಹೊರಟಿದ್ದ, ನಿನ್ನ ಮೇಲಿನ ಪ್ರೀತಿಯಿಂದಲ್ಲ, ಆಟ ನಿಲ್ಲಲಿ ಎಂದು. ನಾನು ಕೊಡುತ್ತೇನೆ ಎಂದು ಹೇಳಿ ಅವನನ್ನು ಸೌದೆಗೆ ಕಳಿಸಿದೆ. ಹೆಣದ ಪಕ್ಕ ಕೂತು ಗಂಟೆ ಲೆಕ್ಕ ಹಾಕಿದೆ. ಮಧ್ಯಾಹ್ನ ಸುದ್ದಿ ಮುಟ್ಟಿದರೆ ನಿನಗೆ ಸೂತಕ, ಆಟವಿಲ್ಲ. ದೇವರೇ ತಡೆದ ಎಂಬ ಮಾತು ಹತ್ತೂರಿಗೆ ಹಬ್ಬುತ್ತಿತ್ತು, ಇನ್ನು ಯಾವ ಬಯಲಿನವರೂ ನಿನ್ನನ್ನು ಕರೆಯುತ್ತಿರಲಿಲ್ಲ. ನೀನು ಐದಕ್ಕೆ ಕೆಂಪು ಕಟ್ಟುತ್ತೀಯ ಎಂದು ಗೊತ್ತಿತ್ತು. ಐದು ಹತ್ತಕ್ಕೆ ತಂತಿ ಕೊಟ್ಟೆ. ಮಾವನನ್ನು ನಿನ್ನಿಂದ ಕಿತ್ತುಕೊಂಡೆ ಎಂದು ತಿಳಿದೇ ಮಾಡಿದೆ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಮಾವನಿಗೆ ಅರಳು ಮರಳಾಗಿರಲಿಲ್ಲ. ಅವರು ಯಾವಾಗಲೂ ಕೂರುವುದು ಜಗಲಿಯ ಮೂಡಣ ತುದಿಯಲ್ಲಲ್ಲವೆ? ಓಣಂ ಕಳೆದ ಮೇಲೆ ಮಣೆಯನ್ನು ತಾವೇ ಎತ್ತಿ ತಂದು ಅಡುಗೆಮನೆಯ ಗೋಡೆಗೆ ಹಾಕಿಕೊಂಡರು. ನನಗೆ ಆಗಲೂ ಹೊಳೆಯಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಬಡಿಸುವಾಗ ನನ್ನ ಬೆರಳು ನೋಡಿ, "ಮಸಿ ಮುಗಿದಿದ್ರೆ ಪದ್ಮನಾಭನ್ ಹತ್ರ ತರಿಸ್ಕೋ" ಎಂದರು. ನಾನು ಸೌಟು ಹಿಡಿದು ನಿಂತೇಬಿಟ್ಟೆ. ಅವರು ಹುಳಿ ಬಡಿಸು ಎಂದರು. ನಿನಗೆ ತಿಳಿಸಿದರೆ ಓಡಿ ಬಂದು ಕಾಲು ಹಿಡಿಯುತ್ತೀಯ, ಆಗ ಅವರ ಸ್ವಾಭಿಮಾನ ಎದ್ದು ಕೂರುತ್ತದೆ, ಉಳಿದ ಶ್ಲೋಕ ಅಲ್ಲಿಗೇ ನಿಲ್ಲುತ್ತದೆ ಎಂದು ಬಾಯಿ ಕಟ್ಟಿಕೊಂಡೆ.

ನಿನ್ನ ಕರಪತ್ರ ಬಂದ ದಿನ ಓದಿ ಹೇಳಿದೆ. ಕೆಮ್ಮಿನ ನಡುವೆ ಎರಡೇ ಮಾತು. "ಬಯಲಲ್ಲಿ ಗಾಳಿ ಇರತ್ತೆ. ದೀಪ ನೋಡ್ಕೊಳೋಕೆ ಹೇಳು." ಆಶೀರ್ವಾದ ಎಂದರೆ ಆಶೀರ್ವಾದ, ಅಲ್ಲ ಎಂದರೆ ಅಲ್ಲ. ಹೋದ ಜೂನಿನಲ್ಲಿ ಅವರು ನಿನ್ನ ಆರೋಗ್ಯ ವಿಚಾರಿಸಿದರು ಎಂದು ಬರೆದದ್ದು ಮಾತ್ರ ಸುಳ್ಳು. ಅವರು ಕೊನೆಯವರೆಗೂ ನಿನ್ನ ಹೆಸರು ಎತ್ತಲಿಲ್ಲ.

ಪೆಟ್ಟಿಗೆ ತೆಗೆದೆ. ಗೆದ್ದಲು. ಓಲೆಗಳೆಲ್ಲ ಮುಟ್ಟಿದರೆ ಪುಡಿ. ಮಾವನಿಗೆ ಇದು ಯಾವತ್ತೋ ಗೊತ್ತಿತ್ತು ಎಂದು ಕಾಣುತ್ತದೆ.

ಸುಭದ್ರ

*

ಚೆರುಮುಕ್ಕಿಲ್ ಮಠ
30 ಏಪ್ರಿಲ್ 1969

ಉಣ್ಣೀ,

ಉತ್ತರವಿಲ್ಲ. ಆರೋಗ್ಯವಾಗಿದ್ದೀಯ ಎಂದು ಮಾತ್ರ ಒಂದು ಕಾರ್ಡು ಹಾಕು.

ಸುಭದ್ರ

*

ಕಲಾಶಾಲೆ
2 ಜುಲೈ 1969

ಓಪ್ಪೋಳೇ,

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಹರಿಯಲಿಲ್ಲ. ಉತ್ತರಿಸಲೂ ಆಗಲಿಲ್ಲ. ಸಿಟ್ಟು ಇಳಿಯಿತು ಎಂದರೆ ಸುಳ್ಳಾದೀತು. ನಿನ್ನ ಜಾಗದಲ್ಲಿ ನಾನಿದ್ದರೆ ಹಾಗೆ ಮಾಡುವ ಎದೆ ನನಗಿರುತ್ತಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಮಣ್ಣಾಂಪಾರದ ಆಟದ ಬಗ್ಗೆ ನಿನಗೆ ಏನೂ ಹೇಳಿಲ್ಲವಲ್ಲ. ವೇಲಾಯುಧನ್ ಪೀಠದ ಮೇಲೆ ಕೂತು ಕಣ್ಣಲ್ಲಿ ನೀರಿನ ಅಂಚು ಹಿಡಿದಾಗ ಮಕ್ಕಳೂ ಅಳು ನಿಲ್ಲಿಸಿದರು. ಕಡೆಯಲ್ಲಿ ಅವನ ಅಮ್ಮ ನನ್ನತ್ತ ಬಂದು, ದೂರ ನಿಂತೇ, "ನಮ್ಮ ಕೆರೆ ಬತ್ತಿದ್ದೂ ಹಿಂಗೇ. ದೊಡ್ಡೋರ ಆಟದೊಳಗೆ ಅದು ಹೆಂಗೆ ಬಂತು?" ಎಂದಳು. ಹತ್ತಿರ ಬನ್ನಿ ಎಂದೆ. ಬರಲಿಲ್ಲ.

ಆಮೇಲೆ ಆರು ಊರುಗಳಲ್ಲಿ ಆಡಿದೆವು. ಎಲ್ಲ ಕಡೆ ಹದಿನೈದಕ್ಕೆ ನಿಲ್ಲಿಸುತ್ತೇವೆ. ಅಂಗೈಯಷ್ಟು ನೀರು, ಅದರಲ್ಲೊಂದು ಮೀನು, ಅಲ್ಲಿಗೆ ದೀಪ ತಗ್ಗಿಸುತ್ತೇವೆ. ಜನ ಏಳುವುದಿಲ್ಲ. ಆಮೇಲೆ ಏನಾಯಿತು ಎಂದು ಕೇಳುತ್ತಾರೆ. ಮೊಯ್ದು ಮೂರು ಊರಿಗೆ ಬಂದು ಮೂರು ಸಲವೂ ಕೇಳಿದ. ವೇಲಾಯುಧನ್ ತಾನೇ ಏನಾದರೂ ಹೊಸೆಯಲು ಒಪ್ಪುವುದಿಲ್ಲ. ಇರೋದನ್ನು ಕೊಡಿ ಆಶಾನೇ, ಇಲ್ಲದ್ದು ಬೇಡ ಎನ್ನುತ್ತಾನೆ.

ಕೊನೆಯ ಗಳಿಗೆಯಲ್ಲಿ ಅವರ ಬಳಿ ಇದ್ದವಳು ನೀನೊಬ್ಬಳೇ. ಹದಿನಾರನೆಯದರ ಒಂದು ಪದವಾದರೂ ಹೇಳಿದರೇ? ಒಂದು ಸನ್ನೆ? ಇದ್ದರೆ ನೀನೇ ಬಾ. ಸ್ಟೇಷನ್ನಿಗೆ ವೇಲಾಯುಧನ್ ಬರುತ್ತಾನೆ. ಮಠದ ಹೆಂಗಸು ಕಲಿಸಿದರೆ ಆಕಾಶ ಬೀಳುವುದಿಲ್ಲ, ಬಿದ್ದರೆ ಬೀಳಲಿ.

ತ್ರಿವಿಕ್ರಮನ್

*

ಚೆರುಮುಕ್ಕಿಲ್ ಮಠ
20 ಜುಲೈ 1969

ಉಣ್ಣೀ,

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಐದು ತಿಂಗಳಿಂದ ಇದಕ್ಕೆ ಹೆದರಿಕೊಂಡೇ ಇದ್ದೇನೆ.

ಮಾವ ಕುಸಿದು ಬಿದ್ದದ್ದು ಫೆಬ್ರವರಿ ಹದಿನಾರರಂದಲ್ಲ. ಹದಿನಾಲ್ಕರ ಬೆಳಿಗ್ಗೆ, ಜಗಲಿಯಿಂದ ಏಳುವಾಗ. ಬಲಗಡೆಯೆಲ್ಲ ಹೋಯಿತು, ಮಾತೂ ಹೋಯಿತು. ವೈದ್ಯರು ಬಂದು ಎರಡು ದಿನ ಎಂದರು. ಅವತ್ತೇ ತಂತಿ ಕೊಡಬೇಕಿತ್ತು. ಕೊಟ್ಟರೆ ನೀನು ಎಲ್ಲ ಬಿಟ್ಟು ಬರುತ್ತೀಯ, ಆಟ ನಿಲ್ಲುತ್ತದೆ ಎಂದು ಕೊಡಲಿಲ್ಲ. ಹಿಂದಿನ ಕಾಗದದಲ್ಲಿ ಇದನ್ನು ಬರೆಯುವ ಧೈರ್ಯ ಬರಲಿಲ್ಲ.

ಹದಿನಾರರ ಬೆಳಿಗ್ಗೆ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರೆದುರು ಬಾಯಿಬಿಟ್ಟು ಕೇಳಿದೆ, "ಮಾವಾ, ಹದಿನೈದು ಬರ್ಕೊಂಡಿದೀನಿ. ಹದಿನಾರನೇದು ಕೊಡಿ." ಅವರು ನನ್ನನ್ನೇ ನೋಡಿದರು. ಆಮೇಲೆ ನೋಟ ಕೆಳಗಿಳಿಯಿತು. ಚಾಪೆಯ ಮೇಲೆ ಏನನ್ನೋ ಹುಡುಕುವವರಂತೆ ಎಡದಿಂದ ಬಲಕ್ಕೆ ಬಹಳ ನಿಧಾನ ಹೋಯಿತು. ಒಂದು ಕಡೆ ನಿಂತು ಸಣ್ಣಗೆ ನಡುಗಿತು. ಅಲ್ಲಿಂದ ಮೇಲಕ್ಕೆ ಎದ್ದು ತೊಲೆಯ ಹತ್ತಿರ ನಿಂತಿತು, ರೆಪ್ಪೆ ಬಡಿಯಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ನೋಡಿದರೆ ಉಸಿರು ಇರಲಿಲ್ಲ.

ನೀನು ಬಾ ಎನ್ನುತ್ತೀಯ. ಬಂದು ನಾನು ಆ ಹುಡುಗನಿಗೆ ಏನನ್ನು ಕಲಿಸಲಿ? ಅವರು ತೋರಿಸಿದ್ದು ಹದಿನಾರನೆಯ ಶ್ಲೋಕವೋ, ಸಾಯುವ ಮನುಷ್ಯನ ಕಣ್ಣು ಹೋಗುವುದೇ ಹಾಗೋ, ನನಗೆ ಗೊತ್ತಿಲ್ಲ. ಕಳರಿಯೊಳಗೆ ನನಗೆ ಪ್ರವೇಶವಿರಲಿಲ್ಲ. ಕೂತ್ತಂಬಲದಲ್ಲಿ ನಮ್ಮ ಹೆಂಗಸರ ಮೂಲೆಯಿಂದ ಕಿರೀಟ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ನಾನು ಈ ವಿದ್ಯೆಯನ್ನು ಕೇಳಿದವಳು, ನೋಡಿದವಳಲ್ಲ. ಅದು ಆಟವಾಗಿದ್ದು ನಾನು ಸಾವೆಂದು ಹೇಳಿದರೂ ಪಾಪ, ಸಾವಾಗಿದ್ದು ಆಟವೆಂದು ಕಲಿಸಿದರೂ ಪಾಪ.

ನೀನು ನೋಡಿದ್ದರೆ ನಿನಗೆ ಆ ಕ್ಷಣದಲ್ಲೇ ತಿಳಿಯುತ್ತಿತ್ತು. ನೀನು ಬಾರದ ಹಾಗೆ ಮಾಡಿದವಳು ನಾನು.

ಸುಭದ್ರ